ಹಿಮಗಡಲಲ್ಲಿ ಎಣ್ಣೆ ಸೋರಿದ್ರೆ ಎತ್ತೋದಕ್ಕೆ ಆಗುತ್ತಾ?

ಶರಾವತಿ_ತೀರ
ಎಲ್ಲರಿಗೂ ನಮಸ್ಕಾರ. ಆಫೀಸಲ್ಲಿ ಊಟದ ಹೊತ್ತಿಗೆ ಶುರುವಾದ ವಾದ ಇದು. ಬಗೆಹರೀಲಿಲ್ಲ, ಇಲ್ಲಿಗೆ ತಂದಿದ್ದೀನಿ.

ನಾರ್ವೆಯವರು 2025ರ ಮಾರ್ಚ್ ಕೊನೆಗೆ ಬ್ಯಾರೆಂಟ್ಸ್ ಸಮುದ್ರದಲ್ಲಿ ಯೋಹಾನ್ ಕಾಸ್ಟ್‌ಬರ್ಗ್ ಅನ್ನೋ ತೈಲಕ್ಷೇತ್ರ ಶುರು ಮಾಡಿದ್ರು. ಹ್ಯಾಮರ್‌ಫೆಸ್ಟ್ ಊರಿಂದ ಸುಮಾರು 240 ಕಿ.ಮೀ. ದೂರ ಕಡಲೊಳಗೆ, ದಿನಕ್ಕೆ 2.2 ಲಕ್ಷ ಬ್ಯಾರೆಲ್ ತೆಗೆಯೋ ಸಾಮರ್ಥ್ಯ. ನಮ್ಮ ಟೀಮಿನ ಒಬ್ಬರ ವಾದ ಹೀಗಿದೆ: ಅಷ್ಟು ಚಳಿಗೆ ಕ್ರೂಡ್ ಸೋರಿದ್ರೂ ಜನವರಿಯ ಕೊಬ್ಬರಿ ಎಣ್ಣೆ ಥರ ಗಟ್ಟಿಯಾಗುತ್ತೆ, ಬಾಚಿಕೊಂಡ್ರೆ ಆಯ್ತು, ಬೆಚ್ಚಗಿನ ಕಡಲಿಗಿಂತ ಅಲ್ಲೇ ಸುಲಭ. ನಾನು ಹಾಗಲ್ಲ ಅಂದೆ, ಆದ್ರೆ ಯಾಕಲ್ಲ ಅಂತ ಹೇಳೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಕಂಪನಿಗಳು, ಸರ್ಕಾರಗಳು ಅಲ್ಲಿ ನಿಜವಾಗ್ಲೂ ಏನು ತಯಾರಿ ಮಾಡ್ಕೊಂಡಿವೆ? ತಿಳಿದವರು ಹೇಳಿ.

ಹುಬ್ಬಳ್ಳಿ_ಖಾರ
ನಿಮ್ಮ ಟೀಮಿನವ್ರಿಗೆ ಒಂದು ಸಲಿಕಿ, ಒಂದು ಬುಟ್ಟಿ ಕೊಟ್ಟು ಹ್ಯಾಮರ್‌ಫೆಸ್ಟಿಗೆ ಕಳಸ್ರಿ. ಬಸ್ ಚಾರ್ಜ್ ನಾ ಕೊಡ್ತೇನಿ.

ಡ್ರಿಲ್‌ಫ್ಲೋರ್
ನಗಬೇಡಿ ಸಾರ್, ಅವರ ಮಾತಲ್ಲಿ ಸ್ವಲ್ಪ ಸತ್ಯ ಇದೆ. ನಾನು ಈ ಕಸುಬಿನಲ್ಲೇ ಇದ್ದವನು, ಮುಂಬೈ ಹೈನಲ್ಲಿ ಶುರು ಮಾಡಿ ಆಮೇಲೆ ಉತ್ತರ ಸಮುದ್ರದಲ್ಲೂ ಕೆಲಸ ಮಾಡಿದ್ದೀನಿ.

ಮೇಣದ ಅಂಶ ಜಾಸ್ತಿ ಇರೋ ಕ್ರೂಡ್ ಚಳಿಗೆ ಗಟ್ಟಿಯಾಗೋದು ನಿಜ. ಅದಕ್ಕಿಂತ ಮುಖ್ಯವಾದ ವಿಷಯ ಬೇರೆ. ಸುತ್ತ ದಟ್ಟವಾಗಿ ಮಂಜುಗಡ್ಡೆ ಇದ್ರೆ ಅದೇ ಎಣ್ಣೆಗೆ ಬೇಲಿ. ತೆರೆದ ಕಡಲಲ್ಲಿ ಎಣ್ಣೆ ಕೆಲವೇ ಗಂಟೆಗಳಲ್ಲಿ ಕೂದಲೆಳೆಯಷ್ಟು ತೆಳ್ಳಗೆ ಹರಡಿಬಿಡುತ್ತೆ, ಐಸ್ ಮಧ್ಯೆ ದಪ್ಪವಾಗೇ ನಿಲ್ಲುತ್ತೆ. ಆವಿಯಾಗೋದೂ ನಿಧಾನ. ಆದ್ದರಿಂದ ಅಲ್ಲೇ ಬೆಂಕಿ ಹಚ್ಚಿ ಸುಡೋಕೆ ಹೆಚ್ಚು ದಿನ ಸಿಗುತ್ತೆ. ನಾರ್ವೆಯ ಸಿಂಟೆಫ್ ಸಂಸ್ಥೆಯವರು 2009ರಲ್ಲಿ ಅನುಮತಿ ಪಡ್ಕೊಂಡು ಬ್ಯಾರೆಂಟ್ಸ್ ಸಮುದ್ರದ ಐಸ್ ನಡುವೆ ನಿಜವಾದ ಕಚ್ಚಾತೈಲವನ್ನೇ ಬಿಟ್ಟು ಇದನ್ನ ಪರೀಕ್ಷೆ ಮಾಡಿದ್ದಾರೆ.

ಇನ್ನೊಂದು ಮಾತು. ಕಾಸ್ಟ್‌ಬರ್ಗ್ ಇರೋ ಜಾಗದಲ್ಲಿ ಐಸ್ ಕಟ್ಟೋದೇ ಅಪರೂಪ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಅಲ್ಲೀತನಕ ಬರುತ್ತೆ. ‘ಆರ್ಕ್ಟಿಕ್’ ಅಂದ ಕೂಡ್ಲೇ ಹಿಮಕರಡಿ ಪಕ್ಕ ಬಾವಿ ಕೊರೆಯೋ ರಿಗ್ ನಿಂತಿರೋ ಚಿತ್ರ ಕಣ್ಮುಂದೆ ತಂದ್ಕೋಬೇಡಿ.

ಟ್ರೋಮ್ಸೊ_ಅಕ್ಕ
ಡ್ರಿಲ್‌ಫ್ಲೋರ್ ಅವರು ಅರ್ಧ ಹೇಳಿದ್ರು. ಉಳಿದರ್ಧ ನಾನು ಹೇಳ್ತೀನಿ. (ನಾನು ಟ್ರೋಮ್ಸೊದಲ್ಲಿ ಮೀನುಗಾರಿಕೆ ವಿಷಯ ಓದೋಕೆ ಬಂದು ಇಲ್ಲೇ ಉಳ್ಕೊಂಡವಳು.)

ದಟ್ಟ ಐಸ್ ಬೇಲಿ ಆಗುತ್ತೆ, ಒಪ್ಪಿದೆ. ಪೂರ್ತಿ ತೆರೆದ ನೀರಲ್ಲಿ ಬೂಮ್ (ಎಣ್ಣೆ ಹರಡದ ಹಾಗೆ ತಡೆಯೋ ತೇಲುಬೇಲಿ) ಹಾಕ್ಬಹುದು, ಅದೂ ಒಪ್ಪಿದೆ. ಕಷ್ಟ ಇರೋದು ನಡುವಿನ ಸ್ಥಿತಿಯಲ್ಲಿ. ಅಲ್ಲಲ್ಲಿ ಗಡ್ಡೆ, ಅಲ್ಲಲ್ಲಿ ನೀರು. ಬೂಮ್ ಎಳೆದ್ರೆ ಗಡ್ಡೆಗಳು ಹರಿದು ಹಾಕ್ತವೆ, ಸ್ಕಿಮ್ಮರ್ (ನೀರಿನ ಮೇಲಿನ ಎಣ್ಣೆ ಎತ್ತೋ ಯಂತ್ರ) ಇಳಿಸಿದ್ರೆ ಐಸ್ ಚೂರು ಸಿಕ್ಕಿಹಾಕ್ಕೊಂಡು ನಿಂತೇಹೋಗುತ್ತೆ. ಎಣ್ಣೆಯನ್ನ ಹಿಡಿದಿಡುವಷ್ಟು ಐಸೂ ಅಲ್ಲಿರಲ್ಲ.

ಎಣ್ಣೆ ಐಸಿನ ಕೆಳಗೆ ಹೋದ್ರೆ ಕಥೆ ಇನ್ನೂ ಬೇರೆ. ಚಳಿಗಾಲದಲ್ಲಿ ಐಸ್ ಬೆಳೆಯೋದು ಕೆಳಗಿನಿಂದ. ಎಣ್ಣೆಯ ಕೆಳಗೆ ಹೊಸ ಪದರ ಕಟ್ಟಿ ಅದು ಸ್ಯಾಂಡ್‌ವಿಚ್ ಥರ ಒಳಗೆ ಸೇರಿಹೋಗುತ್ತೆ. ಆ ಗಡ್ಡೆ ತೇಲ್ತಾ ಹೋಗುತ್ತೆ. ವಸಂತದಲ್ಲಿ ಐಸಿನೊಳಗಿನ ಉಪ್ಪುನೀರಿನ ಸಣ್ಣ ನಾಳಗಳು ತೆರೆದುಕೊಂಡಾಗ ಎಣ್ಣೆ ಅವುಗಳ ಮೂಲಕ ಮೇಲೆ ಬರುತ್ತೆ. ಎಲ್ಲಿ? ಸೋರಿದ ಜಾಗದಿಂದ ನೂರಾರು ಕಿ.ಮೀ. ಆಚೆ ಇರ್ಬಹುದು. ಹಕ್ಕಿ, ಸೀಲ್, ಪಾಚಿ ಎಲ್ಲ ಐಸಿನ ಅಂಚಿಗೆ ಬಂದು ಸೇರೋ ಕಾಲವೂ ಅದೇ.

ಕತ್ತಲೆಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ನಮ್ಮೂರಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟೋದೇ ಇಲ್ಲ. ಎಣ್ಣೆ ಎತ್ತೋ ಮಾತಿರ್ಲಿ, ಅದು ಎಲ್ಲಿದೆ ಅಂತ ಕಾಣೋದೇ ಕಷ್ಟ.

ಸುಮ್ನೆ_ಓದ್ತೀನಿ
ಜಗಳ ಚೆನ್ನಾಗಿದೆ. ಮುಂದುವರಿಸಿ.

ಡ್ರಿಲ್‌ಫ್ಲೋರ್
ಅಕ್ಕ, ಅದಕ್ಕೇ ಇನ್‌ಫ್ರಾರೆಡ್ ಕ್ಯಾಮೆರಾ, ರಾಡಾರ್ ಉಪಗ್ರಹ ಎಲ್ಲ ಇರೋದು.

ಟ್ರೋಮ್ಸೊ_ಅಕ್ಕ
ಕಂಡ ಮೇಲೆ ಏನ್ಮಾಡ್ತೀರಿ, ಅದು ಹೇಳಿ. 2010ರ ಡೀಪ್‌ವಾಟರ್ ಹೊರೈಜನ್ ರಿಗ್ಗಿನ ಸೋರಿಕೆ ತಗೊಳ್ಳಿ. ಮೆಕ್ಸಿಕೋ ಕೊಲ್ಲಿ, ಬೆಚ್ಚಗಿನ ನೀರು, ಉದ್ದನೆಯ ಹಗಲು, ಸಾವಿರಾರು ದೋಣಿ, ಹತ್ತಿರದಲ್ಲೇ ಬಂದರುಗಳು. ಅಷ್ಟಿದ್ದೂ ನೀರಿನ ಮೇಲಿಂದ ಸ್ಕಿಮ್ಮರ್ ಎತ್ತಿದ್ದು ಶೇ. 3ರಷ್ಟು, ಸುಟ್ಟಿದ್ದು ಶೇ. 5ರಷ್ಟು. ಇದು ಅಮೆರಿಕ ಸರ್ಕಾರದ್ದೇ ಅಂದಾಜು. ಸಕಲ ಸೌಕರ್ಯ ಇದ್ದ ಕಡೆ ಇಷ್ಟಾದ್ರೆ ಇಲ್ಲಿ ಎಷ್ಟಾಗ್ಬಹುದು?

ಹುಬ್ಬಳ್ಳಿ_ಖಾರ
ಅಂದ್ರ ಸೋರಿದ ಮ್ಯಾಲೆ ಎತ್ತೂದು ಅನ್ನೂದ ಸುಳ್ಳು. ಸೋರದಂಗ ನೋಡ್ಕೊಳ್ಳೂದು ಒಂದ ದಾರಿ. ಎಲ್ಲಿ ಕೊರಿಬೇಕು, ಯಾವಾಗ ಕೊರಿಬೇಕು, ಎಲ್ಲಿ ಕೊರಿಲೇಬಾರದು ಅನ್ನೂದು ಮೊದಲ ತೀರ್ಮಾನ ಆಗ್ಬೇಕು. ಉಳಿದದ್ದೆಲ್ಲಾ ಕಂಪನಿಯವ್ರು ಹಂಚೂ ಬಣ್ಣದ ಪುಸ್ತಕ.

ಡ್ರಿಲ್‌ಫ್ಲೋರ್
ಬಣ್ಣದ ಪುಸ್ತಕ ಅಂದ್ರಿ, ಸರಿ. ಆದ್ರೆ ಆ ‘ಎಲ್ಲಿ, ಯಾವಾಗ’ ಅನ್ನೋದನ್ನೂ ಇದೇ ಉದ್ಯಮ ಪಾಲಿಸ್ತಿದೆ. ನಾರ್ವೆಯಲ್ಲಿ ಐಸ್ ಅಂಚಿನ ಗಡಿರೇಖೆ ಇದೆ, ಅದರಿಂದ ಉತ್ತರಕ್ಕೆ ಪರವಾನಗಿ ಕೊಡಲ್ಲ.

ಟ್ರೋಮ್ಸೊ_ಅಕ್ಕ
ಆ ಗೆರೆಯ ಕಥೆ ನೀವೇ ಎತ್ತಿದ್ದು ಒಳ್ಳೇದಾಯ್ತು. ಎಲ್ಲರೂ ತಿಳ್ಕೋಬೇಕಾದ್ದು ಅದು.

ಐಸ್ ಅಂಚು ಒಂದೇ ಕಡೆ ನಿಲ್ಲಲ್ಲ, ವರ್ಷ ವರ್ಷ ಹಿಂದೆ ಮುಂದೆ ಹೋಗುತ್ತೆ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ಎಷ್ಟು ದಿನ ಐಸ್ ಇತ್ತು ಅನ್ನೋ ಲೆಕ್ಕದ ಮೇಲೆ ಗೆರೆ ಎಳೀತಾರೆ. ನಾರ್ವೆಯ ಧ್ರುವ ಸಂಶೋಧನಾ ಸಂಸ್ಥೆ ಕೊಟ್ಟ ಸಲಹೆ ಶೇ. 0.5. ಅಂದ್ರೆ ಅಪರೂಪಕ್ಕೆ ಐಸ್ ಬಂದುಹೋಗೋ ಜಾಗವನ್ನೂ ಬಿಟ್ಟುಬಿಡಿ ಅಂತ. 2020ರಲ್ಲಿ ಸಂಸತ್ತಿನಲ್ಲಿ ಪಕ್ಷಗಳು ಕೂತು ರಾಜಿ ಮಾಡ್ಕೊಂಡು ಶೇ. 15 ಅಂದ್ರು. ಶೇಕಡಾ ಹೆಚ್ಚಾದಷ್ಟೂ ಗೆರೆ ಉತ್ತರಕ್ಕೆ ಜರಗುತ್ತೆ, ಕಂಪನಿಗಳಿಗೆ ಜಾಗ ಜಾಸ್ತಿ ಸಿಗುತ್ತೆ. ವಿಜ್ಞಾನಿಗಳ ಗೆರೆಗೂ ರಾಜಕಾರಣಿಗಳ ಗೆರೆಗೂ ನಡುವೆ ಇರೋದು ಒಂದಿಡೀ ಕಡಲು.

ಲೆಕ್ಕ_ಪಕ್ಕ
ಮಧ್ಯೆ ಬಾಯಿ ಹಾಕ್ತೀನಿ, ಕ್ಷಮಿಸಿ. ಇಷ್ಟೆಲ್ಲ ಮಾತಾಡೋರು ಮನೆಯಲ್ಲಿ ಸ್ಕೂಟರ್‌ಗೆ ಪೆಟ್ರೋಲ್ ಹಾಕಲ್ವಾ? ನಾರ್ವೆ ನಿಲ್ಲಿಸಿದ್ರೆ ರಷ್ಯಾ ಮಾರುತ್ತೆ. ರಷ್ಯಾದಲ್ಲಿ ನಿಮ್ಮ ಶೇ. 0.5, ಶೇ. 15 ಯಾರು ಕೇಳ್ತಾರೆ? ಪೆಚೋರಾ ಸಮುದ್ರದಲ್ಲಿ ಪ್ರಿರಜ್ಲೋಮ್ನಾಯಾ ಪ್ಲಾಟ್‌ಫಾರ್ಮ್ 2013ರಿಂದ ಎಣ್ಣೆ ತೆಗೀತಿದೆ. ಅದಂತೂ ನಿಜವಾಗ್ಲೂ ಐಸ್ ಕಟ್ಟೋ ಜಾಗ. ಪ್ರತಿಭಟನೆಗೆ ಹೋದ ಗ್ರೀನ್‌ಪೀಸ್ ಹಡಗಿನಲ್ಲಿದ್ದ 30 ಜನರನ್ನ ಹಿಡಿದು ಜೈಲಿಗೆ ಹಾಕಿದ್ರು. ನಿಯಮ ಪಾಲಿಸೋ ದೇಶ ಬಾಗಿಲು ಮುಚ್ಚಿದ್ರೆ ಪಾಲಿಸದ ದೇಶಕ್ಕೆ ಲಾಭ.

ಬಂದರ್_ಬಾಬ್ಣ
ರಷ್ಯಾದ ಎಣ್ಣೆ ಅಂದ್ರಲ್ಲ, ಅದು ನಮ್ಮ ಮಂಗಳೂರಿಗೆ ಹೊಸತಲ್ಲ ಮಾರಾಯ್ರೆ. ಒಎನ್‌ಜಿಸಿ ವಿದೇಶ್‌ಗೆ ರಷ್ಯಾದ ಸಖಾಲಿನ್-1 ತೈಲ ಯೋಜನೆಯಲ್ಲಿ ಶೇ. 20 ಪಾಲು ಉಂಟಲ್ಲ, ಅಲ್ಲಿಯ ಕ್ರೂಡ್ 2006ರ ಕೊನೆಗೆ ಪಣಂಬೂರಿಗೆ ಬಂದಾಗ ಇಲ್ಲಿ ದೊಡ್ಡ ಸುದ್ದಿ. ಅದೂ ಚಳಿಗಾಲದಲ್ಲಿ ಐಸ್ ಕಟ್ಟುವ ಕಡಲೇ ಅಲ್ವಾ?

ಡ್ರಿಲ್‌ಫ್ಲೋರ್
ಹೌದು, ಓಖೋಟ್ಸ್ಕ್ ಸಮುದ್ರ. ಭೂಪಟದಲ್ಲಿ ಆರ್ಕ್ಟಿಕ್ ವೃತ್ತದಿಂದ ಎಷ್ಟೋ ದಕ್ಷಿಣಕ್ಕಿದೆ, ಆದ್ರೂ ಚಳಿಗಾಲಕ್ಕೆ ಗಟ್ಟಿ ಐಸ್. ಉದ್ಯಮವೂ ಬದಲಾಗುತ್ತೆ ಅನ್ನೋದಕ್ಕೆ ಸಖಾಲಿನ್ನೇ ಉದಾಹರಣೆ. ಪಕ್ಕದ ಸಖಾಲಿನ್-2 ಯೋಜನೆಯಲ್ಲಿ ಕಡಲ ಕೆಳಗಿನ ಪೈಪ್‌ಲೈನ್ ಬೂದು ತಿಮಿಂಗಿಲಗಳು ಮೇಯೋ ಜಾಗದ ಹತ್ತಿರ ಹೋಗ್ಬೇಕಿತ್ತು. ಅಲ್ಲಿನ ತಿಮಿಂಗಿಲಗಳ ಒಟ್ಟು ಸಂಖ್ಯೆಯೇ ಆಗ ನೂರರ ಆಸುಪಾಸು. 2005ರಲ್ಲಿ ಪೈಪ್‌ಲೈನನ್ನ ಸುಮಾರು 20 ಕಿ.ಮೀ. ದಕ್ಷಿಣಕ್ಕೆ ಸರಿಸಿದ್ರು. ಆಮೇಲೆ ಐಯುಸಿಎನ್ (ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ನೇತೃತ್ವದಲ್ಲಿ ಸ್ವತಂತ್ರ ವಿಜ್ಞಾನಿಗಳ ಸಮಿತಿ ವರ್ಷಗಟ್ಟಲೆ ಕೂತು ಸಲಹೆ ಕೊಡ್ತು. ಸೈಸ್ಮಿಕ್ ಸರ್ವೆ (ಶಬ್ದದ ಅಲೆ ಕಳಿಸಿ ಕಡಲತಳದ ಕೆಳಗೆ ಎಣ್ಣೆ ಹುಡುಕೋದು) ಯಾವ ತಿಂಗಳು ಮಾಡ್ಬೇಕು, ಎಷ್ಟು ಶಬ್ದ ಆದ್ರೆ ನಿಲ್ಲಿಸ್ಬೇಕು ಅನ್ನೋದೆಲ್ಲ ಅಲ್ಲಿ ಚರ್ಚೆ ಆಯ್ತು.

ಟ್ರೋಮ್ಸೊ_ಅಕ್ಕ
ಸಾಲ ಕೊಡೋ ಬ್ಯಾಂಕುಗಳು ಸ್ವತಂತ್ರ ಪರಿಶೀಲನೆ ಬೇಕು ಅಂತ ಪಟ್ಟು ಹಿಡಿದಿದ್ವು ಅನ್ನೋದನ್ನ ಬಿಟ್ಟೇಬಿಟ್ರಲ್ಲ?

ಡ್ರಿಲ್‌ಫ್ಲೋರ್
ಯಾರು ಹಿಡಿದ್ರೇನು, ಪೈಪ್ ಸರೀತಲ್ಲ.

ಹುಬ್ಬಳ್ಳಿ_ಖಾರ
ಇಲ್ಲೇ ಐತಿ ನೋಡ್ರಿ ಮುಖ್ಯ ವಿಷಯ. ತಿಮಿಂಗಿಲದ ಮ್ಯಾಲಿನ ಪ್ರೀತಿಗೆ ಸರಿಲಿಲ್ಲ ಪೈಪು, ಸಾಲ ನಿಂತುಹೋದೀತು ಅಂತ ಸರೀತು. ಬ್ಯಾಡ ಅನ್ನೂ ಅಧಿಕಾರ ಯಾರ ಕೈಯಾಗ ಐತಿ ಅನ್ನೂದರ ಮ್ಯಾಲೆ ಎಲ್ಲಾ ನಿಂತೈತಿ.

ಬಂದರ್_ಬಾಬ್ಣ
ಅಕ್ಕ, ನೀವು ಮೀನಿನ ವಿಷಯ ಓದಿದವರು ಅಂದ್ರಿ. ಇಷ್ಟೊತ್ತು ಎಣ್ಣೆಯದ್ದೇ ಮಾತು, ಮೀನಿಗೆ ಎಂತ ಆಗ್ತದೆ ಹೇಳಿ. ದೊಡ್ಡ ಮೀನು ಓಡಿಹೋಗ್ತದಲ್ಲ?

ಟ್ರೋಮ್ಸೊ_ಅಕ್ಕ
ದೊಡ್ಡ ಮೀನು ತಪ್ಪಿಸ್ಕೊಳ್ಬಹುದು ಅಣ್ಣ. ಮೊಟ್ಟೆ ಓಡಲ್ಲವಲ್ಲ, ಅದೇ ಸಮಸ್ಯೆ.

ಇಲ್ಲಿನ ಕಾಡ್ ಮೀನು ಚಳಿಗಾಲದ ಕೊನೆಗೆ ಬ್ಯಾರೆಂಟ್ಸ್ ಸಮುದ್ರದಿಂದ ಲೊಫೋಟೆನ್ ದ್ವೀಪಗಳ ಹತ್ರ ಬಂದು ಮೊಟ್ಟೆ ಇಡುತ್ತೆ. ಮೊಟ್ಟೆ, ಮರಿ ಎರಡೂ ಮೇಲ್ಪದರದ ನೀರಲ್ಲಿ ತೇಲ್ತಾ ಕರಾವಳಿ ಪ್ರವಾಹದ ಜೊತೆ ಮತ್ತೆ ಉತ್ತರಕ್ಕೆ ಹೋಗ್ತವೆ. ಆ ದಾರಿಯಲ್ಲಿ ಎಣ್ಣೆ ಇದ್ರೆ ಒಂದು ವರ್ಷದ ಸಂತಾನಕ್ಕೇ ಏಟು. ಕಣ್ಣಿಗೆ ಕಾಣೋ ಜಿಡ್ಡೇ ಬೇಕಂತಿಲ್ಲ. ಕಚ್ಚಾತೈಲದಿಂದ ನೀರಿಗಿಳಿಯೋ ಪಿಎಎಚ್ ಅನ್ನೋ ಸಂಯುಕ್ತಗಳು ಅತಿ ಕಡಿಮೆ ಪ್ರಮಾಣದಲ್ಲಿದ್ರೂ ಭ್ರೂಣದ ಹೃದಯದ ಬಡಿತ ಕೆಡಿಸ್ತವೆ, ಹೃದಯದ ಆಕಾರವೇ ಸರಿಯಾಗಿ ಬೆಳೆಯಲ್ಲ. ಹ್ಯಾಡಕ್ ಅನ್ನೋ ಮೀನಿನ ಮೊಟ್ಟೆಯ ಹೊರಪದರ ಅಂಟಂಟು, ಎಣ್ಣೆಯ ಸಣ್ಣ ಹನಿಗಳು ನೇರವಾಗಿ ಅದಕ್ಕೇ ಅಂಟಿಕೊಳ್ತವೆ. ಇದನ್ನ ಪತ್ತೆ ಮಾಡಿದ್ದು ಇಲ್ಲಿನ ಸಮುದ್ರ ಸಂಶೋಧನಾ ಸಂಸ್ಥೆಯವರು.

ಇನ್ನೂ ಉತ್ತರಕ್ಕೆ ಹೋದ್ರೆ ಪೋಲಾರ್ ಕಾಡ್ ಅಂತ ಗೇಣುದ್ದದ ಮೀನಿದೆ. ಐಸಿನ ಕೆಳಗೇ ಮೊಟ್ಟೆ ಇಡೋದು. ಸೀಲ್, ಬೆಲೂಗಾ, ಕಡಲಹಕ್ಕಿ ಎಲ್ಲಕ್ಕೂ ಅದೇ ಊಟ. ಐಸಿನ ಕೆಳಗೆ ಎಣ್ಣೆ ಸೇರೋದೂ ಮೊಟ್ಟೆ ತೇಲೋದೂ ಒಂದೇ ಜಾಗದಲ್ಲಿ.

ಅದಕ್ಕೇ ಲೊಫೋಟೆನ್, ವೆಸ್ಟರೋಲೆನ್, ಸೆನ್ಯಾ ಸುತ್ತಲಿನ ಕಡಲನ್ನ ಇಲ್ಲೀವರೆಗೂ ತೈಲಕ್ಕೆ ತೆರೆದಿಲ್ಲ. ಪ್ರತಿ ಚುನಾವಣೆಯಲ್ಲೂ ಇದು ಬಿಸಿ ವಿಷಯ.

ಬಂದರ್_ಬಾಬ್ಣ
ಕಾಡ್ ಅಂದ್ರೆ ನಮ್ಮ ಯಾವ ಮೀನಿನ ಹಾಗೆ? ಅಂಜಲ್?

ಟ್ರೋಮ್ಸೊ_ಅಕ್ಕ
ಅಯ್ಯೋ, ಅಂಜಲ್‌ಗೆ ಹೋಲಿಸ್ಬೇಡಿ. ಬಿಳಿ ಮಾಂಸ, ಸಪ್ಪೆ, ಪದರ ಪದರ. ಲೊಫೋಟೆನ್‌ನಲ್ಲಿ ಮರದ ಅಟ್ಟಣೆ ಕಟ್ಟಿ ಸಾಲಾಗಿ ನೇತುಹಾಕಿ ಒಣಗಿಸ್ತಾರೆ. ಉಪ್ಪೂ ಹಾಕಲ್ಲ, ಚಳಿಗಾಳಿಗೇ ಮರದ ತುಂಡಿನಷ್ಟು ಗಟ್ಟಿ ಆಗುತ್ತೆ. ಇಟಲಿ, ನೈಜೀರಿಯಾಗೆಲ್ಲ ಹೋಗುತ್ತೆ.

ಬಂದರ್_ಬಾಬ್ಣ
ಉಪ್ಪಿಲ್ಲದ ಒಣಮೀನಾ! ನಮ್ಮಲ್ಲಿ ಹಾಗೆ ಮಾಡಿದ್ರೆ ಎರಡೇ ದಿನದಲ್ಲಿ ಹುಳ.

ಸುಮ್ನೆ_ಓದ್ತೀನಿ
ಒಣಮೀನಿಗೆ ಬೇರೆ ಚರ್ಚೆ ತೆರೀರಿ ದಯವಿಟ್ಟು. ರಾತ್ರಿ ಹನ್ನೊಂದಕ್ಕೆ ಹಸಿವಾಗ್ತಿದೆ.

ಕಾನೂನು_ಕಟ್ಟೆ
ಖಾರ ಅವರು ಹೇಳಿದ ‘ಬೇಡ ಅನ್ನೋ ಅಧಿಕಾರ’ದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೀತೀನಿ, ಕಾಲಾವಕಾಶ ಇದ್ದವರು ಓದಿ.

ಅಲಾಸ್ಕದ ಚುಕ್ಚಿ ಸಮುದ್ರದಲ್ಲಿ 2008ರಲ್ಲಿ ಹರಾಜು ನಡೀತು. ಶೆಲ್ ಕಂಪನಿಯೊಂದೇ ಸುಮಾರು 210 ಕೋಟಿ ಡಾಲರ್ ಕೊಟ್ಟು ಗುತ್ತಿಗೆ ಹಿಡೀತು. ಮುಂದೆ 2012ರಲ್ಲಿ ಕೊರೆಯೋಕೆ ಹೊರಟಾಗ ಒಂದೊಂದೇ ಎಡವಟ್ಟು. ಬಾವಿ ಉಕ್ಕಿದ್ರೆ ಮೇಲಿಂದ ಮುಚ್ಚೋಕೆ ಅಂತ ಮಾಡಿಸಿದ ಉಕ್ಕಿನ ಗುಮ್ಮಟ, ಪ್ಯುಜೆಟ್ ಸೌಂಡ್‌ನ ಶಾಂತ ನೀರಿನಲ್ಲಿ ಪರೀಕ್ಷೆ ಮಾಡುವಾಗಲೇ ನಜ್ಜುಗುಜ್ಜಾಯ್ತು. ಅದಿಲ್ಲದೆ ಎಣ್ಣೆ ಇರೋ ಪದರದವರೆಗೆ ಕೊರೆಯೋಕೆ ಅನುಮತಿ ಸಿಗ್ಲಿಲ್ಲ. ವರ್ಷದ ಕೊನೆಗೆ ಕುಲ್ಲುಕ್ ಅನ್ನೋ ರಿಗ್ಗನ್ನ ಒಂದೇ ಟಗ್ (ಎಳೆಯೋ ಹಡಗು) ಕಟ್ಟಿ ಅಲಾಸ್ಕ ಕೊಲ್ಲಿಯ ಚಳಿಗಾಲದ ಬಿರುಗಾಳಿಯಲ್ಲಿ ಎಳ್ಕೊಂಡು ಹೊರಟ್ರು. ಹಗ್ಗ ಕಡೀತು, ಟಗ್ಗಿನ ಎಂಜಿನ್‌ಗಳು ಕೈಕೊಟ್ವು. ರಿಗ್‌ನಲ್ಲಿದ್ದ 18 ಜನರನ್ನ ಹೆಲಿಕಾಪ್ಟರ್‌ನಲ್ಲಿ ಎತ್ತಿದ್ರು. ಡಿಸೆಂಬರ್ 31ರ ರಾತ್ರಿ ಅದು ಕೋಡಿಯಾಕ್ ಹತ್ತಿರದ ಸಿಟ್ಕಲಿಡಾಕ್ ದ್ವೀಪದ ದಡಕ್ಕೆ ಬಡೀತು. ಆ ಹೊತ್ತಲ್ಲಿ ಹೊರಟಿದ್ಯಾಕೆ ಅಂದ್ರೆ, ಜನವರಿ 1ರೊಳಗೆ ರಾಜ್ಯದ ನೀರು ದಾಟಿದ್ರೆ ತೆರಿಗೆ ತಪ್ಪುತ್ತೆ ಅನ್ನೋದೂ ಒಂದು ಕಾರಣ ಅಂತ ಅಮೆರಿಕದ ಕೋಸ್ಟ್ ಗಾರ್ಡ್ ವರದಿಯಲ್ಲೇ ಇದೆ.

ಕುಲ್ಲುಕ್‌ನಿಂದ ಎಣ್ಣೆ ಸೋರ್ಲಿಲ್ಲ, ಪುಣ್ಯ. ಆದ್ರೆ ಬಾವಿಯ ಹತ್ತಿರ ಎಷ್ಟೇ ಎಚ್ಚರ ಇದ್ರೂ ಸಾಗಣೆಯಲ್ಲಿ ಅಪಾಯ ಬರ್ಬಹುದು ಅಂತ ಅಲ್ಲಿ ಗೊತ್ತಾಯ್ತು. 2015ರಲ್ಲಿ ಶೆಲ್ ಮತ್ತೆ ಹೋಗಿ ಬರ್ಗರ್ ಅನ್ನೋ ಕಡೆ ಒಂದು ಬಾವಿ ಕೊರೀತು. ನಿರೀಕ್ಷಿಸಿದಷ್ಟು ಸಿಗ್ಲಿಲ್ಲ. ಒಟ್ಟು 700 ಕೋಟಿ ಡಾಲರ್‌ನಷ್ಟು ಸುರಿದು ವಾಪಸ್ ಬಂತು.

ಇದರಿಂದ ಬಂದ ಒಂದು ಒಳ್ಳೆ ನಿಯಮ ಇದೆ, 2016ರದ್ದು. ಅಲಾಸ್ಕದ ಆರ್ಕ್ಟಿಕ್ ಕಡಲಲ್ಲಿ ತೇಲೋ ರಿಗ್‌ನಿಂದ ಅನ್ವೇಷಣೆಗೆ ಕೊರೆಯೋರು, ಬಾವಿ ಉಕ್ಕಿದ್ರೆ ಐಸ್ ಬರೋದ್ರೊಳಗೆ ಅದೇ ಋತುವಿನಲ್ಲಿ ರಿಲೀಫ್ ವೆಲ್ (ಉಕ್ಕೋ ಬಾವಿಯನ್ನ ಕೆಳಗಿಂದ ಮುಚ್ಚೋಕೆ ಪಕ್ಕದಲ್ಲಿ ಕೊರೆಯೋ ಬಾವಿ) ಕೊರೆದು ಮುಗಿಸೋ ತಯಾರಿ ಇಟ್ಕೊಂಡಿರ್ಬೇಕು. ಡೀಪ್‌ವಾಟರ್ ಹೊರೈಜನ್ ಬಾವಿಯ ಬಾಯಿ ಮುಚ್ಚೋಕೆ 87 ದಿನ ಬೇಕಾಯ್ತು, ರಿಲೀಫ್ ವೆಲ್ ಮುಗಿದಿದ್ದು ಸೆಪ್ಟೆಂಬರ್‌ನಲ್ಲಿ. ಚುಕ್ಚಿಯಲ್ಲಿ ಕೊರೆಯೋ ಋತುವೇ ಹೆಚ್ಚುಕಮ್ಮಿ ಅಷ್ಟು. ಸೆಪ್ಟೆಂಬರ್‌ನಲ್ಲಿ ಉಕ್ಕಿದ್ರೆ ಮುಂದಿನ ಬೇಸಿಗೆವರೆಗೆ ಉಕ್ತಾನೇ ಇರ್ಬೇಕಾ?

ಡ್ರಿಲ್‌ಫ್ಲೋರ್
ಆ ನಿಯಮ ನಮ್ಮ ಕಡೆಯವರಿಗೆ ಇಷ್ಟ ಇಲ್ಲ, ಯಾಕಂತ ಹೇಳ್ತೀನಿ. ಎರಡನೇ ರಿಗ್ ಒಂದನ್ನ ಹತ್ತಿರದಲ್ಲೇ ಸುಮ್ಮನೆ ನಿಲ್ಲಿಸ್ಕೋಬೇಕು, ದಿನದ ಖರ್ಚು ಭಯಂಕರ. ಈಗ ಬಾವಿಯ ಬಾಯಿಗೆ ನೇರವಾಗಿ ಕೂರಿಸೋ ಕ್ಯಾಪಿಂಗ್ ಸ್ಟ್ಯಾಕ್ ಇದೆ, ಕಡಲತಳದಲ್ಲೇ ಮುಚ್ಚೋ ಸಾಧನಗಳಿವೆ. ಅವು ವಾರಗಳಲ್ಲಿ ಕೆಲಸ ಮುಗಿಸ್ತವೆ. ರಿಲೀಫ್ ವೆಲ್ ಒಂದನ್ನೇ ಹಿಡ್ಕೊಂಡು ಕೂರೋದು ಹಳೇ ಬುದ್ಧಿ.

ಕಾನೂನು_ಕಟ್ಟೆ
ಆ ಕ್ಯಾಪಿಂಗ್ ಸ್ಟ್ಯಾಕ್ ಹೊತ್ತಿದ್ದ ಫೆನ್ನಿಕಾ ಹಡಗೇ 2015ರಲ್ಲಿ ತಳ ಹರ್ಕೊಂಡು ರಿಪೇರಿಗೆ ಪೋರ್ಟ್‌ಲ್ಯಾಂಡ್‌ವರೆಗೆ ಹೋಗಿದ್ದು ನೆನಪಿದೆಯಾ ಸಾರ್? ಇದ್ದಿದ್ದು ಒಂದೇ ಹಡಗು, ಅದೂ ಗ್ಯಾರೇಜಿಗೆ.

ಲೆಕ್ಕ_ಪಕ್ಕ
ಖರ್ಚು ಜಾಸ್ತಿ ಅಂದ್ರೆ ಕೊರೀಬೇಡಿ, ಅಷ್ಟೇ. ಡ್ರಿಲ್‌ಫ್ಲೋರ್ ಸಾರ್, ಇಲ್ಲಿ ಮಾತ್ರ ನಾನು ಅಕ್ಕನ ಕಡೆ. ಅಪಾಯದ ಖರ್ಚನ್ನ ಕಂಪನಿ ಹೊರಲ್ಲ ಅಂದ್ರೆ ಅದನ್ನ ಹೊರೋದು ಅಲ್ಲಿನ ಮೀನುಗಾರ.

ಜೀವಶಾಸ್ತ್ರ_ಮೇಷ್ಟ್ರು
ಅಲಾಸ್ಕದ ಮಾತು ಬಂದದ್ದರಿಂದ ಒಂದು ಪ್ರಸಂಗ ಹೇಳಲೇಬೇಕು. ಮಕ್ಕಳಿಗೆ ಪಾಠ ಮಾಡುವಾಗಲೂ ಹೇಳುತ್ತಿರುತ್ತೇನೆ.

ಬೋಹೆಡ್ ತಿಮಿಂಗಿಲ ಇನ್ನೂರು ವರ್ಷಕ್ಕೂ ಮೇಲೆ ಬದುಕಬಲ್ಲ ಪ್ರಾಣಿ. ಅಲಾಸ್ಕದ ಉತ್ತರ ತೀರದ ಇನ್ಯುಪಿಯಾಟ್ ಜನ ತಲೆತಲಾಂತರದಿಂದ ಅದನ್ನು ಬೇಟೆಯಾಡಿ ಊರಿಗೆಲ್ಲ ಹಂಚಿಕೊಂಡು ತಿಂದವರು. 1977ರಲ್ಲಿ ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗವು ಉಳಿದಿರುವುದು ಹೆಚ್ಚೆಂದರೆ ಒಂದೆರಡು ಸಾವಿರ ಎಂದು ಲೆಕ್ಕ ಹಾಕಿ ಬೇಟೆ ನಿಲ್ಲಿಸಿ ಅಂದಿತು. ಎಣಿಸುವವರು ಐಸಿನ ಅಂಚಿನಲ್ಲಿ ನಿಂತು, ಬಿರುಕಿನ ನೀರಿನಲ್ಲಿ ಕಂಡವನ್ನು ಮಾತ್ರ ಎಣಿಸುತ್ತಿದ್ದರು. ಬೇಟೆಗಾರರು, ‘ನೀವು ನೋಡುವುದು ಸ್ವಲ್ಪವೇ, ಉಳಿದವು ಐಸಿನ ಕೆಳಗಿಂದ ಹೋಗುತ್ತವೆ, ತಲೆಯಿಂದ ಐಸ್ ಒಡೆದು ಉಸಿರಾಡುತ್ತವೆ’ ಎಂದರು. ಯಾರೂ ನಂಬಲಿಲ್ಲ. ಮುಂದೆ 1980ರ ದಶಕದಲ್ಲಿ ನೀರಿನೊಳಗೆ ಮೈಕ್ ಇಳಿಸಿ ಕೇಳಿದಾಗ ಬೇಟೆಗಾರರ ಮಾತೇ ನಿಜವಾಯಿತು. 2011ರ ಎಣಿಕೆಯಲ್ಲಿ ಸಂಖ್ಯೆ 16 ಸಾವಿರ ದಾಟಿತ್ತು. ಈ ಮಧ್ಯೆ ಅವು ಹೆಚ್ಚಿದ್ದೂ ಉಂಟು, ಆದರೆ ಮೊದಲ ಲೆಕ್ಕವೇ ತೀರಾ ಕಡಿಮೆಯಿತ್ತು.

ಆ ಗಲಾಟೆಯಲ್ಲಿ ಹುಟ್ಟಿದ ಬೇಟೆಗಾರರ ಸಂಘವೇ ಮುಂದೆ ತೈಲ ಕಂಪನಿಗಳ ಜೊತೆ ಕೂತು ಒಪ್ಪಂದ ಬರೆಯಲು ಶುರುಮಾಡಿತು. ಶರತ್ಕಾಲದಲ್ಲಿ ತಿಮಿಂಗಿಲ ವಲಸೆ ಬಂದಾಗ ಸೈಸ್ಮಿಕ್ ಹಡಗುಗಳು ನಿಲ್ಲಬೇಕು, ಬೇಟೆ ಮುಗಿಯುವವರೆಗೆ ಆ ಕಡೆ ಸುಳಿಯಬಾರದು, ಎರಡೂ ಕಡೆಯವರು ಒಂದೇ ರೇಡಿಯೋ ಕೇಂದ್ರದ ಮೂಲಕ ಸಂಪರ್ಕದಲ್ಲಿರಬೇಕು. ಇದೆಲ್ಲ ಸರ್ಕಾರ ಹೇರಿದ್ದಲ್ಲ, ಎದುರಾಬದುರು ಕೂತು ಬರೆದುಕೊಂಡದ್ದು.

ಹುಬ್ಬಳ್ಳಿ_ಖಾರ
ಮೇಷ್ಟ್ರ, ಕೊಲ್ಲಾವ್ರ ಕಾಯಾವ್ರು ಅಂದಂಗಾತಲ್ರೀ!

ಜೀವಶಾಸ್ತ್ರ_ಮೇಷ್ಟ್ರು
ಊಟದ ವಿಷಯಕ್ಕೆ ನಾನು ಬರುವುದಿಲ್ಲ. ಕೋಟಾ ಮೀರದೆ ಹಿಡಿಯುತ್ತಾರೆ, ಸಂಖ್ಯೆಯೂ ಚೆನ್ನಾಗಿದೆ. ಅದನ್ನು ಬೆಂಗಳೂರಲ್ಲಿ ಕೂತು ನಾವು ತೀರ್ಮಾನಿಸಬೇಕಾಗಿಲ್ಲ.

ಬಂದರ್_ಬಾಬ್ಣ
ಮೇಷ್ಟ್ರು ಹೇಳಿದ್ದು ಸರಿ. ಮೀನು ತಿನ್ನುವವನಿಗೇ ಮೀನು ಉಳಿಯಬೇಕು ಅಂತ ಇರುದು. ನಾವು ಜೂನ್, ಜುಲೈ ಬೋಟು ಕಟ್ಟಿ ಹಾಕುದಿಲ್ವಾ?

ಕಾನೂನು_ಕಟ್ಟೆ
ಮೇಷ್ಟ್ರ ಮಾತಿಗೆ ಕೆನಡಾದ್ದೊಂದು ಸೇರಿಸ್ತೀನಿ. ಬ್ಯಾಫಿನ್ ದ್ವೀಪದಲ್ಲಿ ಕ್ಲೈಡ್ ರಿವರ್ ಅನ್ನೋ ಪುಟ್ಟ ಇನ್ಯುಟ್ ಊರು. ಬ್ಯಾಫಿನ್ ಕೊಲ್ಲಿಯಲ್ಲಿ ಸೈಸ್ಮಿಕ್ ಸರ್ವೆಗೆ ಅನುಮತಿ ಕೊಟ್ಟಾಗ ಅವರು ಕೋರ್ಟಿಗೆ ಹೋದ್ರು. ಊರವರು ಕೇಳಿದ ಪ್ರಶ್ನೆಗಳಿಗೆ ಕಂಪನಿ ಕೊಟ್ಟ ಉತ್ತರ ಸಾವಿರಾರು ಪುಟದ ಕಡತ. ಅದರಲ್ಲಿ ಅವರ ಇನುಕ್ಟಿಟುಟ್ ಭಾಷೆಯಲ್ಲಿದ್ದದ್ದು ಅತ್ಯಲ್ಪ, ಅಲ್ಲಿನ ನಿಧಾನಗತಿಯ ಇಂಟರ್‌ನೆಟ್‌ನಲ್ಲಿ ಡೌನ್‌ಲೋಡ್ ಕೂಡ ಆಗ್ತಿರ್ಲಿಲ್ಲ. 2017ರ ಜುಲೈನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇದು ಸಮಾಲೋಚನೆಯೇ ಅಲ್ಲ ಅಂತ ಅನುಮತಿ ರದ್ದು ಮಾಡ್ತು. ನಮ್ಮ ಕಡೆ ಅಹವಾಲು ಸಭೆ ಅಂತ ಮಾಡ್ತಾರಲ್ಲ, ಅದಕ್ಕೆ ಹೋದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ.

ಶರಾವತಿ_ತೀರ
ಎಷ್ಟೆಲ್ಲ ತಿಳೀತು! ಎಕ್ಸಾನ್ ವಾಲ್ಡೀಜ್ ಟ್ಯಾಂಕರ್ ಸೋರಿಕೆ ಬಗ್ಗೆ ಇನ್ನೂ ಯಾರೂ ಹೇಳ್ಲಿಲ್ಲ, ಅದೂ ಅಲಾಸ್ಕದ್ದೇ ಅಲ್ವಾ?

ಟ್ರೋಮ್ಸೊ_ಅಕ್ಕ
ಹೌದು, 1989ರ ಮಾರ್ಚ್ 24. ಅದು ಸೋರಿದ ಪ್ರಿನ್ಸ್ ವಿಲಿಯಂ ಸೌಂಡ್ ಕೊಲ್ಲಿ ಆರ್ಕ್ಟಿಕ್ ವೃತ್ತದ ಒಳಗಿಲ್ಲ, ಆದ್ರೆ ತಣ್ಣೀರಿನ ಕಡಲಲ್ಲಿ ಎಣ್ಣೆ ಎಷ್ಟು ಕಾಲ ಉಳಿಯುತ್ತೆ ಅನ್ನೋದಕ್ಕೆ ಅದೇ ದೊಡ್ಡ ಸಾಕ್ಷಿ. ಸುಮಾರು 4 ಕೋಟಿ ಲೀಟರ್ ಸೋರ್ತು. ದಶಕಗಳ ಮೇಲೂ ಅಲ್ಲಿನ ಕೆಲವು ದಡಗಳಲ್ಲಿ ಕಲ್ಲು ಸರಿಸಿ ಅಗೆದ್ರೆ ಎಣ್ಣೆ ಸಿಗ್ತಿತ್ತು. ಹೆರಿಂಗ್ ಮೀನು 1993ರಲ್ಲಿ ಕುಸಿದುಬಿತ್ತು, ಮತ್ತೆ ಚೇತರಿಸ್ಕೊಳ್ಳಲೇ ಇಲ್ಲ. ಅದಕ್ಕೆ ಎಣ್ಣೆಯೊಂದೇ ಕಾರಣವಾ, ರೋಗವಾ ಅಂತ ವಿಜ್ಞಾನಿಗಳಲ್ಲಿ ಇವತ್ತಿಗೂ ಒಮ್ಮತ ಇಲ್ಲ.

ಆದ್ರೆ ಆಮೇಲೆ ಅಲ್ಲಿ ಮಾಡಿದ್ದು ನೋಡಿ. 1990ರ ಕಾಯ್ದೆಯ ಪ್ರಕಾರ ಊರವರು, ಮೀನುಗಾರರು, ಮೂಲನಿವಾಸಿಗಳೇ ಇರೋ ನಾಗರಿಕ ಸಲಹಾ ಮಂಡಳಿಗೆ ಮಾನ್ಯತೆ ಸಿಕ್ತು. ಅದರ ಖರ್ಚು ತೈಲ ಕಂಪನಿಗಳ ಕೂಟದ್ದು, ಕೆಲಸ ಅದೇ ಕೂಟದ ಮೇಲೆ ಕಣ್ಣಿಡೋದು. ಎಣ್ಣೆ ತುಂಬಿದ ಟ್ಯಾಂಕರ್ ಹೊರಟ್ರೆ ಎರಡು ಟಗ್ ಜೊತೆಗೇ ಹೋಗ್ತವೆ. ಸ್ಥಳೀಯ ಮೀನುಗಾರರ ನೂರಾರು ದೋಣಿಗಳಿಗೆ ಪ್ರತಿ ವರ್ಷ ತರಬೇತಿ, ಅದಕ್ಕೆ ದುಡ್ಡೂ ಕೊಡ್ತಾರೆ.

ಬಂದರ್_ಬಾಬ್ಣ
ಇದು, ಇದು ಬೇಕಿತ್ತು ನಮಗೆ! 2022ರ ಜೂನ್‌ನಲ್ಲಿ ಉಳ್ಳಾಲದ ಹತ್ರ ಪ್ರಿನ್ಸೆಸ್ ಮಿರಾಲ್ ಹಡಗು ಮುಳುಗಿದಾಗ ಒಳಗಿನ ಎಣ್ಣೆ ಯಾವಾಗ ಹೊರಗೆ ಬರ್ತದೋ ಅಂತ ಇಡೀ ಮಳೆಗಾಲ ಹೆದರಿಕೆ. ಆ ಕಡಲಿಗೆ ಇಳಿದು ಎಣ್ಣೆ ತೆಗೆಯುದು ಯಾರು? 2025ರ ಮೇನಲ್ಲಿ ಕೇರಳದಲ್ಲಿ ಎಂಎಸ್‌ಸಿ ಎಲ್ಸಾ-3 ಮುಳುಗಿದಾಗ ದಡಕ್ಕೆಲ್ಲ ಪ್ಲಾಸ್ಟಿಕ್ ಕಾಳು. ಕಡಲು ಯಾವಾಗ ಹೇಗೆ ತಿರುಗ್ತದೆ ಅಂತ ಗೊತ್ತಿರುವ ದೋಣಿಯವನನ್ನು ಯಾರಾದ್ರೂ ಮೊದಲೇ ಕರೆದು ತರಬೇತಿ ಕೊಟ್ಟಿದ್ರಾ? ಎಲ್ಲ ಆದ ಮೇಲೆ ‘ಆ ಕಡೆ ಹೋಗ್ಬೇಡಿ’ ಅಂತ ಹೇಳ್ಲಿಕ್ಕೆ ಮಾತ್ರ ನಾವು.

ಲೆಕ್ಕ_ಪಕ್ಕ
ಬಾಬಣ್ಣ ಹೇಳಿದ್ದರಲ್ಲಿ ಇನ್ನೊಂದು ವಿಷಯ ಇದೆ. ಎರಡೂ ಕಡೆ ಮುಳುಗಿದ್ದು ಸರಕು ಹಡಗು, ತೈಲಬಾವಿ ಅಲ್ಲ. ಆರ್ಕ್ಟಿಕ್‌ನಲ್ಲೂ ಇವತ್ತಿನ ದೊಡ್ಡ ಅಪಾಯ ಹಡಗುಗಳೇ ಅಂತ ನನ್ನ ಅನಿಸಿಕೆ. ರಷ್ಯಾದ ಉತ್ತರ ಮಾರ್ಗದಲ್ಲಿ 2023ರಲ್ಲಿ ಐಸ್ ತಡೆಯೋ ಕವಚವೇ ಇಲ್ಲದ ಟ್ಯಾಂಕರ್‌ಗಳಿಗೂ ಅನುಮತಿ ಕೊಟ್ರು.

ಕಾನೂನು_ಕಟ್ಟೆ
ನಿಜ. ಅದರ ಜೊತೆ ಹಡಗುಗಳು ಸುಡೋ ಹೆವಿ ಫ್ಯೂಯಲ್ ಆಯಿಲ್ ನೋಡಿ, ಡಾಂಬರಿನಷ್ಟು ಮಂದ, ತಣ್ಣೀರಲ್ಲಿ ಸೋರಿದ್ರೆ ಹೋಗೋದೇ ಇಲ್ಲ. ಅಂಟಾರ್ಕ್ಟಿಕ್‌ನಲ್ಲಿ 2011ರಲ್ಲೇ ನಿಷೇಧ. ಆರ್ಕ್ಟಿಕ್‌ಗೆ ಬಂದಿದ್ದು 2024ರ ಜುಲೈ 1ಕ್ಕೆ, ಅದೂ ತೂತುಗಳ ಸಮೇತ. ಇಂಧನ ಟ್ಯಾಂಕಿಗೆ ಎರಡು ಗೋಡೆ ಇರೋ ಹಡಗಿಗೆ ವಿನಾಯಿತಿ, ಕರಾವಳಿ ದೇಶಗಳು ತಮ್ಮ ಬಾವುಟದ ಹಡಗುಗಳಿಗೆ ತಮ್ಮ ನೀರಲ್ಲಿ 2029ರ ಜುಲೈವರೆಗೆ ವಿನಾಯಿತಿ ಕೊಡ್ಬಹುದು.

ಶರಾವತಿ_ತೀರ
ರಷ್ಯಾ ಜೊತೆ ಸೇರಿ ಮಾಡೋ ವ್ಯವಸ್ಥೆ ಏನೂ ಇಲ್ವಾ?

ಟ್ರೋಮ್ಸೊ_ಅಕ್ಕ
ಕಾಗದದ ಮೇಲೆ ಇದೆ. ಎಣ್ಣೆ ಸೋರಿದ್ರೆ ಒಬ್ಬರಿಗೊಬ್ಬರು ನೆರವಾಗ್ಬೇಕು ಅಂತ ಎಂಟು ಆರ್ಕ್ಟಿಕ್ ದೇಶಗಳು 2013ರಲ್ಲಿ ಸಹಿ ಹಾಕಿವೆ. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಮಾರ್ಚ್‌ನಲ್ಲಿ ಉಳಿದ ಏಳು ದೇಶ ಈ ಎಂಟೂ ದೇಶಗಳ ವೇದಿಕೆಯಾದ ಆರ್ಕ್ಟಿಕ್ ಕೌನ್ಸಿಲ್ ಕೆಲಸವನ್ನೇ ನಿಲ್ಲಿಸಿದ್ವು. ಆಮೇಲೆ ಸ್ವಲ್ಪ ಸ್ವಲ್ಪ ಶುರುವಾಗಿದೆ, ಮೊದಲಿನ ಬಿಸಿ ಇಲ್ಲ. ವಿಚಿತ್ರ ಅಂದ್ರೆ ಮೀನಿನ ವಿಷಯದಲ್ಲಿ ನಾರ್ವೆ-ರಷ್ಯಾ ಇವತ್ತಿಗೂ ಪ್ರತಿ ವರ್ಷ ಕೋಟಾ ಒಪ್ಪಂದ ಮಾಡ್ಕೊಳ್ತವೆ. ಕಾಡ್ ಕಡಿಮೆಯಾಗಿದೆ ಅಂತ 2025ಕ್ಕೆ 3.4 ಲಕ್ಷ ಟನ್‌ಗೆ ಇಳಿಸಿದ್ರು, 1991ರಿಂದೀಚೆಗೆ ಅಷ್ಟು ಕಡಿಮೆ ಇರ್ಲಿಲ್ಲ.

ಜೀವಶಾಸ್ತ್ರ_ಮೇಷ್ಟ್ರು
ಮೀನಿಗೆ ತೋರಿದ ವಿವೇಕವನ್ನು ಎಣ್ಣೆಗೇಕೆ ತೋರುವುದಿಲ್ಲ ಎಂಬುದೇ ನನ್ನ ಪ್ರಶ್ನೆ. ಮಧ್ಯ ಆರ್ಕ್ಟಿಕ್ ಸಾಗರದ 28 ಲಕ್ಷ ಚದರ ಕಿ.ಮೀ. ಪ್ರದೇಶದಲ್ಲಿ ವಾಣಿಜ್ಯ ಮೀನುಗಾರಿಕೆ ಶುರುವಾಗುವ ಮೊದಲೇ ‘ಸದ್ಯಕ್ಕೆ ಬೇಡ, ಮೊದಲು ತಿಳಿದುಕೊಳ್ಳೋಣ’ ಎಂದು 2018ರಲ್ಲಿ ಒಪ್ಪಂದವಾಯಿತು. 16 ವರ್ಷದ ಅವಧಿ, 2021ರಿಂದ ಜಾರಿ. ಅಮೆರಿಕ, ರಷ್ಯಾ, ಚೀನಾ ಮೂರೂ ಒಂದೇ ಕಾಗದಕ್ಕೆ ಸಹಿ ಹಾಕಿವೆ.

ಲೆಕ್ಕ_ಪಕ್ಕ
ಸುಲಭ ಮೇಷ್ಟ್ರೇ. ಅಲ್ಲಿ ಯಾರೂ ಇನ್ನೂ ಮೀನು ಹಿಡೀತಿರ್ಲಿಲ್ಲ, ಯಾರಿಗೂ ನಷ್ಟ ಇರ್ಲಿಲ್ಲ. ಎಣ್ಣೆಗೆ ಆಗ್ಲೇ ದುಡ್ಡು ಸುರಿದಾಗಿದೆ.

ಟ್ರೋಮ್ಸೊ_ಅಕ್ಕ
ಹಾಗೇನಿಲ್ಲ. ಗ್ರೀನ್‌ಲ್ಯಾಂಡ್ 2021ರಲ್ಲಿ ಹೊಸ ತೈಲ ಅನ್ವೇಷಣೆ ಪರವಾನಗಿ ನಿಲ್ಲಿಸ್ತು. ಇಲ್ಲೇ ನಾರ್ವೆಯಲ್ಲಿ ಆಳಸಮುದ್ರದ ಗಣಿಗಾರಿಕೆಗೆ 2024ರ ಜನವರಿಯಲ್ಲಿ 2.8 ಲಕ್ಷ ಚದರ ಕಿ.ಮೀ. ತೆರೆದ್ರು. ಅದೇ ಡಿಸೆಂಬರ್‌ನಲ್ಲಿ ಒಂದು ಸಣ್ಣ ಪಕ್ಷ ಬಜೆಟ್‌ಗೆ ಬೆಂಬಲ ಬೇಕಾದ್ರೆ ಪರವಾನಗಿ ಕೊಡಬೇಡಿ ಅಂತ ಹಠ ಹಿಡಿದು ನಿಲ್ಲಿಸ್ತು.

ಹುಬ್ಬಳ್ಳಿ_ಖಾರ
ನೋಡ್ರಿ, ಮತ್ತ ಅದ. ಸಖಾಲಿನ್‌ದಾಗ ಬ್ಯಾಂಕು, ಕೆನಡಾದಾಗ ಕೋರ್ಟು, ನಾರ್ವೆದಾಗ ಬಜೆಟ್ಟು. ವಿಜ್ಞಾನಿಗಳ ವರದಿ ಓದಿ ನಿಲ್ಲಿಸಿದಾವ್ರು ಒಬ್ರರೇ ಅದಾರೇನ್ರಿ?

ಡ್ರಿಲ್‌ಫ್ಲೋರ್
ಮಾರುಕಟ್ಟೆಯನ್ನ ಯಾಕೆ ಬಿಟ್ರಿ? ಶೆಲ್ ಹಿಂದೆ ಬಂದಿದ್ದು ಲೆಕ್ಕ ಕೂಡಿ ಬರದೆ. ಅದೇ ಕಾರಣಕ್ಕೆ ಮುಂದೂ ಯಾರೂ ಹೋಗಲ್ಲ, ನೀವು ಇಷ್ಟು ಗಾಬರಿ ಆಗೋ ಅಗತ್ಯ ಇಲ್ಲ.

ಕಾನೂನು_ಕಟ್ಟೆ
2025ರ ನವೆಂಬರ್‌ನಲ್ಲಿ ಅಮೆರಿಕ ಸರ್ಕಾರ ಮುಂದಿಟ್ಟ ಕರಡು ಯೋಜನೆಯಲ್ಲಿ 34 ಕಡಲ ಹರಾಜುಗಳಿವೆ ಸಾರ್. ಅದರಲ್ಲಿ 21 ಅಲಾಸ್ಕ ಸುತ್ತಲಿನವು.

ಡ್ರಿಲ್‌ಫ್ಲೋರ್
ಹರಾಜು ಕರೆದ್ರೆ ಕೂಗೋರು ಬರ್ಬೇಕಲ್ಲ. ಅಲಾಸ್ಕದ ವನ್ಯಜೀವಿ ಧಾಮದಲ್ಲಿ 2025ರ ಜನವರಿಯಲ್ಲಿ ಕರೆದಾಗ ಒಬ್ಬರೂ ಬಿಡ್ ಹಾಕ್ಲಿಲ್ಲ. ಅದು ನೆಲದ ಮೇಲೆ! ಕಡಲು ಇನ್ನೂ ದುಬಾರಿ.

ಟ್ರೋಮ್ಸೊ_ಅಕ್ಕ
ಬ್ಯಾರೆಲ್ ಬೆಲೆ ಇಳಿದಾಗ ಯಾರೂ ಬರಲ್ಲ, ಏರಿದಾಗ ಸಾಲು ನಿಲ್ತಾರೆ. 2008ರಲ್ಲಿ 210 ಕೋಟಿ ಡಾಲರ್ ಹಿಡ್ಕೊಂಡು ಬಂದಿದ್ದು ಯಾಕೆ ಅಂದ್ಕೊಂಡ್ರಿ?

ಡ್ರಿಲ್‌ಫ್ಲೋರ್
ಆಗ ಯಾರಿಗೂ ಬಿಸಿ ತಟ್ಟಿರ್ಲಿಲ್ಲ, ಈಗ ತಟ್ಟಿದೆ.

ಲೆಕ್ಕ_ಪಕ್ಕ
ಹದಿನೈದು ವರ್ಷಕ್ಕೆ ಬೋರ್ಡ್‌ರೂಮಿನ ತಲೆಗಳೆಲ್ಲ ಬದಲಾಗಿರ್ತವೆ ಸಾರ್. ಬಿಸಿ ತಟ್ಟಿದವರು ರಿಟೈರ್ ಆಗಿ ಗಾಲ್ಫ್ ಆಡ್ತಿರ್ತಾರೆ.